ಇದು ಬಂಡಲ್ ಬಿಡೋ ಕಥೆಯಲ್ಲ: ವಡೆಯ ತೂತು, ಫೋನಿನ ತಿರುವು, ತಾಳೆಯಾದ ಎರಡು ಪುಸ್ತಕ

ಈ ಸಂಚಿಕೆ ಮೂರು ವಾರ ತಡ ಆಯ್ತು. ಕಾರಣ ಒಂದು ವಾಯ್ಸ್ ಮೆಸೇಜ್.

ಕಳಿಸಿದ್ದು ತಿಪಟೂರು ಕಡೆಯ ಒಬ್ಬ ಹುಡುಗಿ. ಬಿಎಸ್ಸಿ ಕೊನೇ ವರ್ಷ. ಎಂಎಸ್ಸಿ ಗಣಿತ ಮಾಡ್ಬೇಕು ಅಂತ ಆಸೆ. ಅವಳ ಅಪ್ಪ ಕೊಬ್ಬರಿ ವ್ಯಾಪಾರ ಮಾಡ್ತಾರೆ. ಅವರ ಮಾತು ಏನಂದ್ರೆ, 'ಲೆಕ್ಕ ನಂಗೂ ಬರುತ್ತೆ, ಅದಕ್ಕೆ ಇನ್ನೂ ಎರಡು ವರ್ಷ ಯಾಕೆ? ಬಿಎಡ್ ಮಾಡು, ಇಲ್ಲಾ ಬ್ಯಾಂಕ್ ಪರೀಕ್ಷೆ ಬರಿ.' ಅವಳು ನನ್ನನ್ನ ಕೇಳಿದ್ದು ಇಷ್ಟು: 'ಅಕ್ಕಾ, ನರಸಿಂಹನ್-ಶೇಷಾದ್ರಿ ಪ್ರಮೇಯ ಅಂತ ಒಂದಿದೆ. ಅದನ್ನ ಕನ್ನಡದಲ್ಲಿ ಹೇಳಿ. ನಮ್ಮಪ್ಪಂಗೆ ಕೇಳಿಸ್ತೀನಿ. ನಾನು ಹೇಳಿದ್ರೆ ಅವ್ರು ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ.'

ನಾನು ಬಿಕಾಂ. ಪಿಯುಸಿಯಲ್ಲಿ ಬೇಸಿಕ್ ಮ್ಯಾಥ್ಸ್ ಬೇಡ ಅಂತ ಬೇರೆ ಸಬ್ಜೆಕ್ಟ್‌ಗೆ ಓಡಿಹೋದವಳು. ಆದ್ರೂ ಒಪ್ಕೊಂಡೆ. ಹಾಗಾಗಿ ಇವತ್ತಿನ ಸಂಚಿಕೆಯಲ್ಲಿ ಎದುರಿಗೆ ಕೂತಿರೋರು ಒಬ್ಬ ಕೊಬ್ಬರಿ ವ್ಯಾಪಾರಿ ಅಂತ ಅಂದ್ಕೊಂಡೇ ಮಾತಾಡ್ತೀನಿ.

ಸರ್, ಮೊದಲು ಒಂದು ಉದ್ದಿನ ವಡೆ ತಗೊಳ್ಳಿ. ತಿನ್ಬೇಡಿ, ಸ್ವಲ್ಪ ಹೊತ್ತು. ನಮಗೆ ಬೇಕಿರೋದು ಒಳಗಿನ ಹಿಟ್ಟಲ್ಲ, ಮೇಲಿನ ಸಿಪ್ಪೆ ಮಾತ್ರ. ಅದರ ಮೇಲೆ ಒಂದು ಇರುವೆ ಒಂದು ಜಾಗದಿಂದ ಹೊರಟು, ಎಲ್ಲೆಲ್ಲೋ ಸುತ್ತಿ ಅದೇ ಜಾಗಕ್ಕೆ ವಾಪಸ್ ಬರುತ್ತೆ. ಹೋಗ್ತಾ ಹಿಂದೆ ಒಂದು ದಾರ ಬಿಡ್ತಾ ಹೋಗುತ್ತೆ ಅಂದ್ಕೊಳ್ಳಿ. ವಾಪಸ್ ಬಂದ ಮೇಲೆ ದಾರದ ಎರಡೂ ತುದಿ ಹಿಡಿದು ಎಳೆದ್ರೆ, ದಾರ ಸಿಪ್ಪೆ ಬಿಟ್ಟು ಮೇಲೇಳದೆ ಪೂರ್ತಿ ಕೈಗೆ ಬರುತ್ತಾ?

ರವೆ ಉಂಡೆ ಮೇಲಾದ್ರೆ ಯಾವಾಗ್ಲೂ ಬರುತ್ತೆ. ವಡೆ ಮೇಲೆ ಬರಲ್ಲ. ಇರುವೆ ತೂತಿನ ಸುತ್ತ ಒಂದು ಸುತ್ತು ಹಾಕಿದ್ರೆ ದಾರ ಸಿಕ್ಕಿಹಾಕ್ಕೊಳ್ಳುತ್ತೆ. ತೂತಿನೊಳಗೆ ಇಳಿದು ಕೆಳಗಿಂದ ಹೊರಗೆ ಬಂದು ಮೇಲೆ ಹತ್ತಿದ್ರೂ ಸಿಕ್ಕಿಹಾಕ್ಕೊಳ್ಳುತ್ತೆ. ಎಳೆದು ಒಂದರಿಂದ ಇನ್ನೊಂದನ್ನ ಮಾಡೋಕಾಗುತ್ತೆ ಅಂದ್ರೆ ಆ ಎರಡೂ ಸುತ್ತು ಒಂದೇ ಲೆಕ್ಕ. ಒಂದು ಸುತ್ತು ಮುಗಿಸಿ ಇನ್ನೊಂದನ್ನ ಶುರು ಮಾಡಿದ್ರೆ ಅದು ಎರಡರ 'ಗುಣಾಕಾರ'. ಉಲ್ಟಾ ನಡೆದ್ರೆ ರದ್ದು. ಈ ಸುತ್ತುಗಳ ಪೂರ್ತಿ ವ್ಯವಹಾರಕ್ಕೆ ಫಂಡಮೆಂಟಲ್ ಗ್ರೂಪ್ ಅಂತಾರೆ. ಫ್ರಾನ್ಸಿನ ಹಾನ್ರಿ ಪ್ವಾಂಕರೆ 1895ರಲ್ಲಿ ಬರೆದದ್ದು. ಎಷ್ಟು ತೂತು ಇದೆ ಅನ್ನೋದು ಅದರಲ್ಲಿ ದಾಖಲಾಗಿರುತ್ತೆ. ವಡೆ ದಪ್ಪನಾ, ತೆಳ್ಳಗಾ, ಒಂದು ಕಡೆ ಸೀದಿದೆಯಾ, ಅದೆಲ್ಲಾ ದಾಖಲಾಗಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಎರಡು ವಡೆ ಅಂಟಿಸಿ, ಎರಡು ತೂತಿನ ಮೇಲ್ಮೈ ಮಾಡಿ. ನಮ್ಮ ನಿಜವಾದ ಕಥೆ ಎರಡು ತೂತಿನಿಂದ ಶುರು. ಇಲ್ಲಿ ನಾಲ್ಕು ಮೂಲ ಸುತ್ತು, ಪ್ರತಿ ತೂತಿಗೆ ಎರಡು. ಅವುಗಳ ಮಧ್ಯೆ ಒಂದೇ ಒಂದು ಷರತ್ತು: ಮೊದಲ ತೂತಿನ ಎರಡು ಸುತ್ತನ್ನ ಒಂದಾದ ಮೇಲೆ ಒಂದು ಹಾಕಿ, ಆಮೇಲೆ ಅದೇ ಕ್ರಮದಲ್ಲಿ ಎರಡನ್ನೂ ಉಲ್ಟಾ ಹಾಕಿ, ಎರಡನೇ ತೂತಿನಲ್ಲೂ ಹಾಗೇ ಮಾಡಿ, ಎಲ್ಲಾ ಸೇರಿಸಿದ್ರೆ ದಾರ ಕೈಗೆ ಬರುತ್ತೆ. ಅಷ್ಟೇ.

ಈ ಸುತ್ತುಗಳನ್ನ ನೇರವಾಗಿ ಹಿಡಿಯೋದು ಕಷ್ಟ. ಅದಕ್ಕೆ ಗಣಿತದವರು ಪ್ರತಿ ಸುತ್ತಿಗೂ ಒಂದು ಮ್ಯಾಟ್ರಿಕ್ಸ್ ಕೊಡ್ತಾರೆ. ಮ್ಯಾಟ್ರಿಕ್ಸ್ ಅಂದ್ರೆ ಸಂಖ್ಯೆಗಳ ಚೌಕ ಟೇಬಲ್. ಕೆಲಸದಲ್ಲಿ ನೋಡಿದ್ರೆ ಅದೊಂದು ತಿರುವು, ಎಳೆತ, ಬದಲಾವಣೆ. ಸುತ್ತುಗಳ ಗುಣಾಕಾರ ಹೇಗೋ ಮ್ಯಾಟ್ರಿಕ್ಸ್‌ಗಳ ಗುಣಾಕಾರವೂ ಹಾಗೇ ನಡೀಬೇಕು ಅನ್ನೋದು ನಿಯಮ. ಈ ಹಂಚಿಕೆಗೆ ರೆಪ್ರೆಸೆಂಟೇಷನ್ ಅಂತ ಹೆಸರು. ಉದ್ದ ಬದಲಾಯಿಸದೆ ಬರೀ ತಿರುಗಿಸೋ ಮ್ಯಾಟ್ರಿಕ್ಸ್‌ಗಳನ್ನ ಮಾತ್ರ ಬಳಸಿದ್ರೆ ಅದು ಯೂನಿಟರಿ.

ತಿರುವು ಅಂದ್ರೆ ಸುಲಭ ಅಂದ್ಕೋಬೇಡಿ. ಫೋನ್ ಕೈಯಲ್ಲೇ ಇದೆಯಲ್ಲ, ಮೇಜಿನ ಮೇಲೆ ಅಂಗಾತ ಇಡಿ, ತಲೆ ನಿಮ್ಮಿಂದ ಆಚೆಗೆ. ಮೊದಲು ತಲೆ ಎತ್ತಿ ನಿಲ್ಲಿಸಿ, ಸ್ಕ್ರೀನ್ ನಿಮ್ಮ ಕಡೆ ಬರೋ ಹಾಗೆ. ಈಗ ನಿಂತ ಹಾಗೇ ಮೇಲಿಂದ ನೋಡಿದ್ರೆ ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿ. ಫೋನ್ ನೆಟ್ಟಗಿದೆ, ಸ್ಕ್ರೀನ್ ನಿಮ್ಮ ಎಡಕ್ಕೆ ನೋಡ್ತಿದೆ. ಮತ್ತೆ ಮೊದಲಿನ ಹಾಗೆ ಇಡಿ. ಈ ಸಲ ಮೊದಲು ಮೇಜಿನ ಮೇಲೇ ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು, ಆಮೇಲೆ ಆಚೆ ಅಂಚನ್ನ ಎತ್ತಿ ನಿಲ್ಲಿಸಿ. ಈಗ ಅಡ್ಡ ನಿಂತಿದೆ, ಕ್ರಿಕೆಟ್ ನೋಡೋ ಹಾಗೆ, ಸ್ಕ್ರೀನ್ ನಿಮ್ಮ ಕಡೆಗೇ. ಎರಡು ಕೆಲಸ ಅವೇ, ಕ್ರಮ ಬೇರೆ, ಫಲ ಬೇರೆ. ಹಾಗಾಗಿ ನಾಲ್ಕು ಸುತ್ತಿಗೆ ನಾಲ್ಕು ತಿರುವು ಆರಿಸಿ, ಮೇಲಿನ ಆ ಒಂದು ಷರತ್ತು ಮುರಿಯದ ಹಾಗೆ ಕೂರಿಸೋದು ಸಲೀಸಲ್ಲ.

ಎಷ್ಟು ಥರ ಕೂರಿಸಬಹುದು? ಇದು ಲೆಕ್ಕ, ಇಲ್ಲಿಗೆ ಬಂದಾಗ ನನಗೆ ಜೀವ ಬಂತು. ಎರಡು ಸಂಕೀರ್ಣ ಸಂಖ್ಯೆಗಳ ಮೇಲೆ ಕೆಲಸ ಮಾಡೋ, ಡಿಟರ್ಮಿನೆಂಟ್ ಒಂದು ಇರೋ ತಿರುವುಗಳನ್ನ ತಗೊಳ್ಳಿ. ಫೋನಿನ ತಿರುವಿನ ಹಾಗೇ ಇದಕ್ಕೂ ಮೂರು ತಿರುಪು, ಹಳೇ ರೇಡಿಯೊದಲ್ಲಿ ಇರ್ತಿತ್ತಲ್ಲ, ಆ ಥರ. ನಾಲ್ಕು ಸುತ್ತಿಗೆ ನಾಲ್ಕು ಮೂರ್ಲ ಹನ್ನೆರಡು. ಆ ಒಂದು ಷರತ್ತು ಮೂರನ್ನ ತಿಂದುಹಾಕುತ್ತೆ, ಉಳಿದದ್ದು ಒಂಬತ್ತು. ಮತ್ತೆ, ನೀವು ಮೇಜಿನ ಈ ಕಡೆ ಕೂತು ನೋಡಿದ್ರೂ ಆ ಕಡೆ ಕೂತು ನೋಡಿದ್ರೂ ಹಂಚಿಕೆ ಒಂದೇ ತಾನೇ? ಆ ಕೂರೋ ಜಾಗದ ವ್ಯತ್ಯಾಸ ಇನ್ನೊಂದು ಮೂರನ್ನ ಕಳೆಯುತ್ತೆ. ಉಳಿದದ್ದು ಆರು. ಅಂದ್ರೆ ಎಲ್ಲಾ ಹಂಚಿಕೆಗಳನ್ನೂ ಒಟ್ಟಿಗೆ ಇಟ್ರೆ ಅದು ತಾನೇ ಒಂದು ಜಾಗ, ಆರು ಆಯಾಮದ್ದು. ಇದೇ ರೆಪ್ರೆಸೆಂಟೇಷನ್ ಸ್ಪೇಸ್. ಈ 6 ಅನ್ನೋ ಅಂಕಿಯನ್ನ ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ ಸರ್.

ಆರು ಆಯಾಮ ಗೊತ್ತಾಯ್ತು. ಆದ್ರೆ ಆ ಜಾಗ ಹೇಗಿದೆ? ಅದರಲ್ಲಿ ತೂತು ಇದೆಯಾ, ಎಷ್ಟು? ಷರತ್ತು ಬರೀ ಮ್ಯಾಟ್ರಿಕ್ಸ್ ಸಮೀಕರಣ. ಅದನ್ನ ಎಷ್ಟು ದಿಟ್ಟಿಸಿ ನೋಡಿದ್ರೂ ಉತ್ತರ ಹೊಳೆಯಲ್ಲ. ಅದಕ್ಕೇ ಇನ್ನೊಂದು ಪುಸ್ತಕ ಬೇಕು.

ಆ ಪುಸ್ತಕದ ಹೆಸರು ಬಂಡಲ್. ನಮ್ಮಲ್ಲಿ ಬಂಡಲ್ ಅಂದ್ರೆ ಬೀಡಿ ಕಟ್ಟು, ಇಲ್ಲಾ ಸುಳ್ಳು. ಇಲ್ಲಿ ಎರಡೂ ಅಲ್ಲ. ಒಂದು ಉದ್ದನೆ ಕಾಗದದ ಪಟ್ಟಿ ತಗೊಂಡು ತುದಿ ತುದಿ ಅಂಟಿಸಿದ್ರೆ ಬಳೆ. ಅಂಟಿಸೋ ಮುಂಚೆ ಅರ್ಧ ತಿರುಚಿದ್ರೆ ಬೇರೆಯೇ ವಸ್ತು ಬರುತ್ತೆ, ಅದಕ್ಕೆ ಒಂದೇ ಮುಖ. ಎರಡರಲ್ಲೂ ಮಧ್ಯೆ ಒಂದು ವೃತ್ತ ಇದೆ, ವೃತ್ತದ ಪ್ರತಿ ಬಿಂದುವಿನ ಮೇಲೂ ಒಂದು ಸಣ್ಣ ಗೆರೆ ನಿಂತಿದೆ. ಹತ್ತಿರದಿಂದ ನೋಡಿದ್ರೆ ವ್ಯತ್ಯಾಸವೇ ಇಲ್ಲ, ಇಡೀ ಸುತ್ತು ಹೊಡೆದ್ರೆ ಮಾತ್ರ ತಿರುಚು ಗೊತ್ತಾಗುತ್ತೆ. ವೆಕ್ಟರ್ ಬಂಡಲ್ ಅಂದ್ರೆ ಇದೇ: ಮೇಲ್ಮೈಯ ಪ್ರತಿ ಬಿಂದುವಿಗೂ ಒಂದು ಗೆರೆ, ಅಥವಾ ಇನ್ನೂ ದೊಡ್ಡ ವೆಕ್ಟರ್ ಸ್ಪೇಸ್ ನೆಟ್ಟು, ಪಕ್ಕದ್ದಕ್ಕೆ ಪಕ್ಕದ್ದನ್ನ ಅಂಟಿಸಿಕೊಂಡು ಹೋಗೋದು. ಒಂದೊಂದು ಬಿಂದುವಿನ ಮೇಲೆ ಎಷ್ಟು ಆಯಾಮ ನೆಟ್ಟಿದ್ದೀವೋ ಅದು ರ‍್ಯಾಂಕ್. ಒಟ್ಟು ಎಷ್ಟು ತಿರುಚಿದೆ ಅನ್ನೋ ಪೂರ್ಣಾಂಕ ಡಿಗ್ರಿ. ಕಾಲೇಜಿನ ರ‍್ಯಾಂಕು, ಡಿಗ್ರಿ ಅಲ್ಲ, ಹೆಸರು ಮಾತ್ರ ಅವೇ.

ಸುತ್ತಿಗೂ ಬಂಡಲ್‌ಗೂ ಏನು ಸಂಬಂಧ? ಮೇಲ್ಮೈ ಮೇಲೆ ಒಂದು ಬಾಣ ಹಿಡ್ಕೊಂಡು ನಡೀರಿ, ನೀವಾಗಿ ಅದನ್ನ ತಿರುಗಿಸಬೇಡಿ. ಒಂದು ಸುತ್ತು ಮುಗಿಸಿ ಬಂದಾಗ ಬಾಣ ಬೇರೆ ಕಡೆ ತೋರಿಸ್ತಾ ಇದ್ರೆ, ಆ ತಿರುವೇ ಆ ಸುತ್ತಿನ ಮ್ಯಾಟ್ರಿಕ್ಸ್. ಹೀಗೆ ಪ್ರತಿ ರೆಪ್ರೆಸೆಂಟೇಷನ್‌ನಿಂದಲೂ ಒಂದು ಬಂಡಲ್ ಹುಟ್ಟುತ್ತೆ. ಆಂದ್ರೆ ವೇಲ್ 1938ರಲ್ಲೇ ಈ ದಾರಿಯಲ್ಲಿ ನಡೆದಿದ್ರು. ಹೀಗೆ ಹುಟ್ಟಿದ ಬಂಡಲ್‌ಗಳ ಡಿಗ್ರಿ ಸೊನ್ನೆ ಅಂತಲೂ ಗೊತ್ತಿತ್ತು. ಉಲ್ಟಾ ಪ್ರಶ್ನೆ ಉಳಿದಿತ್ತು: ಒಂದು ಬಂಡಲ್ ಕೈಗೆ ಕೊಟ್ರೆ, ಇದು ಯೂನಿಟರಿ ತಿರುವುಗಳಿಂದ ಬಂದದ್ದಾ ಅಂತ ಹೇಗೆ ಹೇಳೋದು?

ಇಲ್ಲಿಗೆ ಡೇವಿಡ್ ಮಮ್‌ಫರ್ಡ್ ಬರ್ತಾರೆ, 1962ರ ಸುಮಾರಿಗೆ, ಬೇರೆ ಕೆಲಸದ ಮೇಲೆ. ಅವರಿಗೆ ಸುತ್ತು, ತಿರುವು ಏನೂ ಬೇಕಿರಲಿಲ್ಲ. ಎಲ್ಲಾ ಬಂಡಲ್‌ಗಳನ್ನೂ ಒಂದು ಕಪಾಟಿನಲ್ಲಿ ಜೋಡಿಸಬೇಕಿತ್ತು, ಕೆಲವು ಬಂಡಲ್‌ಗಳು ಒಂದರ ಮೇಲೊಂದು ಬಿದ್ದು ಬೇರ್ಪಡಿಸೋಕೇ ಆಗ್ತಿರಲಿಲ್ಲ. ಅವರು ಒಂದು ಜರಡಿ ಹಿಡಿದ್ರು. ಡಿಗ್ರಿಯನ್ನ ರ‍್ಯಾಂಕ್‌ನಿಂದ ಭಾಗಿಸಿ, ಅದು ಸರಾಸರಿ. ಒಳಗಿರೋ ಪ್ರತಿ ಚಿಕ್ಕ ಬಂಡಲ್‌ನ ಸರಾಸರಿ ಇಡೀ ಬಂಡಲ್‌ನ ಸರಾಸರಿಗಿಂತ ಕಡಿಮೆ ಇದ್ರೆ ಅದು ಸ್ಟೇಬಲ್. ಇಲ್ಲದಿದ್ರೆ ಜರಡಿಯಿಂದ ಕೆಳಗೆ.

ಇಲ್ಲಿ ನಾನು ಎರಡು ದಿನ ಒದ್ದಾಡಿದೆ, ಯಾಕಂತ ಹೇಳ್ತೀನಿ. ಪಾಲುದಾರಿಕೆ ವ್ಯಾಪಾರ ಅಂದ್ಕೊಳ್ಳಿ. ಎಲ್ಲಾ ಪಾಲುದಾರರ ಆದಾಯವೂ ಸರಾಸರಿಗಿಂತ ಕಡಿಮೆ ಇರೋಕೆ ಸಾಧ್ಯವಾ? ಇಲ್ಲವೇ ಇಲ್ಲ! ಒಬ್ಬರು ಕಡಿಮೆ ಇದ್ರೆ ಇನ್ನೊಬ್ಬರು ಜಾಸ್ತಿ ಇರಲೇಬೇಕು. ಹಾಗಾದ್ರೆ ಸ್ಟೇಬಲ್ ಬಂಡಲ್ ಅನ್ನೋದೇ ಇರಬಾರದಲ್ಲ? ಕೊನೆಗೆ ಗೊತ್ತಾದದ್ದು ಏನಂದ್ರೆ, ಬಂಡಲ್‌ನಿಂದ ಒಂದು ಪಾಲು ತೆಗೆದ್ರೆ ಉಳಿಯೋದು ಒಳಗೇ ಇರೋ ಇನ್ನೊಂದು ಪಾಲು ಆಗಿರಬೇಕು ಅಂತಿಲ್ಲ. ಅದು ಆ ಪಾಲನ್ನ ಲೆಕ್ಕಕ್ಕೆ ತಗೊಳ್ಳದೆ ನೋಡಿದಾಗ ಗೋಡೆ ಮೇಲೆ ಬೀಳೋ ನೆರಳು. ಹೆಚ್ಚಿನ ಸರಾಸರಿ ಆ ನೆರಳಿಗೆ ಹೋಗುತ್ತೆ. ನೆರಳನ್ನ ಹಿಡಿದು ಬಂಡಲ್ ಒಳಗೆ ಕೂರಿಸೋಕಾದ್ರೆ ಮಾತ್ರ ಬಂಡಲ್ ಎರಡಾಗಿ ಒಡೆಯುತ್ತೆ. ಸ್ಟೇಬಲ್ ಅಂದ್ರೆ ಒಡೆಯೋಕೆ ಬಿಡದ ಗಂಟು. ಪಾಲುದಾರಿಕೆಯ ಹೋಲಿಕೆ ಇಲ್ಲಿಗೆ ಸಾಕು, ಇನ್ನು ಮುಂದಕ್ಕೆ ಎಳೆದ್ರೆ ಹರಿದುಹೋಗುತ್ತೆ.

ಈಗ ಆ ಇಬ್ಬರು. ಎಂ. ಎಸ್. ನರಸಿಂಹನ್, ಸಿ. ಎಸ್. ಶೇಷಾದ್ರಿ, ಇಬ್ಬರೂ ಹುಟ್ಟಿದ್ದು 1932ರಲ್ಲಿ. ನರಸಿಂಹನ್ ತಮಿಳುನಾಡಿನ ತಂಡರೈ ಅನ್ನೋ ಹಳ್ಳಿಯ ಕುಟುಂಬದವರು, ಐದು ಮಕ್ಕಳಲ್ಲಿ ದೊಡ್ಡವರು. ಶೇಷಾದ್ರಿ ಕಾಂಚೀಪುರದವರು, ಕರ್ನಾಟಕ ಸಂಗೀತವನ್ನ ಗಂಭೀರವಾಗಿ ಹಾಡ್ತಿದ್ದವರು. ಮದ್ರಾಸಿನ ಲೊಯೊಲಾ ಕಾಲೇಜಿನಲ್ಲಿ ಫಾದರ್ ರಾಸೀನ್ ಅನ್ನೋ ಫ್ರೆಂಚ್ ಪಾದ್ರಿ ಇಬ್ಬರಿಗೂ ಮೇಷ್ಟ್ರು. 1953ರಲ್ಲಿ ಇಬ್ಬರೂ ಮುಂಬೈಯ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್ ಸೇರಿದ್ರು. ಮಧ್ಯೆ ಕೆಲವು ವರ್ಷ ಪ್ಯಾರಿಸ್. ವಾಪಸ್ ಬಂದು ಮುಂಬೈಯಲ್ಲಿ ಕೂತು ಕೆಲಸ ಮಾಡಿದ್ರು. 1965ರಲ್ಲಿ 'ಆನಲ್ಸ್ ಆಫ್ ಮ್ಯಾಥಮೆಟಿಕ್ಸ್' ಪತ್ರಿಕೆಯಲ್ಲಿ ಅವರ ಪ್ರಮೇಯ ಅಚ್ಚಾಯ್ತು.

ಪ್ರಮೇಯ ಹೇಳೋದು ಇಷ್ಟು. ಎರಡು ಅಥವಾ ಜಾಸ್ತಿ ತೂತಿನ ಮೇಲ್ಮೈ ಮೇಲೆ, ಡಿಗ್ರಿ ಸೊನ್ನೆ ಇರೋ ಸ್ಟೇಬಲ್ ಬಂಡಲ್‌ಗಳ ಪಟ್ಟಿ ಒಂದು ಕಡೆ ಇಡಿ. ಸುತ್ತುಗಳ ಯೂನಿಟರಿ ರೆಪ್ರೆಸೆಂಟೇಷನ್‌ಗಳಲ್ಲಿ ಇನ್ನೂ ಚಿಕ್ಕದಾಗಿ ಒಡೆಯದವುಗಳ ಪಟ್ಟಿ ಇನ್ನೊಂದು ಕಡೆ ಇಡಿ. ಎರಡೂ ಪಟ್ಟಿ ಒಂದಕ್ಕೊಂದು ತಾಳೆ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.

ಸರ್, ನಿಮ್ಮ ಖಾತೆ ಪುಸ್ತಕಕ್ಕೂ ಮಂಡಿಯ ಪುಸ್ತಕಕ್ಕೂ ತಾಳೆ ಆದಾಗ ಆಶ್ಚರ್ಯ ಏನಿಲ್ಲ, ಯಾಕಂದ್ರೆ ಎರಡರಲ್ಲೂ ಬರೆದದ್ದು ಅದೇ ಕೊಬ್ಬರಿ ಮೂಟೆ. ಇಲ್ಲಿ ಒಬ್ಬರು ತೂತಿನ ಸುತ್ತ ದಾರ ಸುತ್ತಿ ಪುಸ್ತಕ ಬರೆದಿದ್ದಾರೆ. ಇನ್ನೊಬ್ಬರು ಕಪಾಟು ಜೋಡಿಸೋಕೆ ಜರಡಿ ಹಿಡಿದಿದ್ದಾರೆ. ಪರಸ್ಪರ ಕೇಳಿ ಬರೆದದ್ದಲ್ಲ. ಆದ್ರೂ ಸಾಲು ಸಾಲೂ ತಾಳೆ. ನಾನು ಒಂದು ಆಡಿಟ್ ಆಫೀಸಿನಲ್ಲಿ ಎರಡು ವರ್ಷ ಇದ್ದೆ. ಹೀಗೆ ತಾನಾಗೇ ತಾಳೆಯಾದ ಪುಸ್ತಕ ಬಂದ್ರೆ ನಾವು ಮೊದಲು ಅನುಮಾನ ಪಡ್ತಿದ್ವಿ.

ಒಂದು ದಿಕ್ಕಿನ ಕಾರಣ ಹೇಳೋಕೆ ಪ್ರಯತ್ನ ಮಾಡ್ತೀನಿ. ಯೂನಿಟರಿ ಅಂದ್ರೆ ಉದ್ದ ಬದಲಾಗಲ್ಲ. ಹಾಗಾಗಿ ಇಡೀ ಬಂಡಲ್ ಸಮತಟ್ಟು. ಸಮತಟ್ಟಾದುದರ ಒಳಗೆ ಕೂತ ಚಿಕ್ಕ ಬಂಡಲ್ ಬಾಗಿದ್ರೆ ಒಂದೇ ಕಡೆಗೆ ಬಾಗಬಹುದು, ಕೆಳಕ್ಕೆ. ಅಂದ್ರೆ ಅದರ ಡಿಗ್ರಿ ಸೊನ್ನೆಗಿಂತ ಕಡಿಮೆ. ಬಾಗದೇ ಸೊನ್ನೆಯಲ್ಲೇ ನಿಂತಿತು ಅಂದ್ರೆ ಬಂಡಲ್ ಆಗಲೇ ಒಡೆದಿದೆ. ಇದೇ ಮಮ್‌ಫರ್ಡ್ ಜರಡಿ! ಇನ್ನೊಂದು ದಿಕ್ಕು ಕಷ್ಟದ್ದು. ಸ್ಟೇಬಲ್ ಬಂಡಲ್‌ಗಳ ಲೋಕ ತುಂಡು ತುಂಡಲ್ಲ, ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಯಬಹುದು. ಯೂನಿಟರಿ ಆಗಿರೋ ಒಂದರಿಂದ ಸ್ವಲ್ಪ ಸರಿದ್ರೂ ಯೂನಿಟರಿಯಾಗೇ ಉಳಿಯುತ್ತೆ ಅಂತ ತಿರುಪುಗಳ ಲೆಕ್ಕ ತೋರಿಸುತ್ತೆ. ತಿರುವುಗಳನ್ನ ಎಷ್ಟು ತಿರುಗಿಸಿದ್ರೂ ಕೈಮೀರಿ ಎಲ್ಲೋ ಹೋಗಲ್ಲ, ಸುತ್ತಿ ವಾಪಸ್ ಬರ್ತವೆ, ಹಾಗಾಗಿ ಸರಿಯುತ್ತಾ ಹೋದ ದಾರಿಯ ಕೊನೆಯಲ್ಲೂ ಯೂನಿಟರಿಯೇ ಸಿಗುತ್ತೆ. ಎಲ್ಲೂ ನಿಲ್ಲೋ ಗಡಿಯೇ ಇಲ್ಲ ಅಂದ್ಮೇಲೆ ಇಡೀ ಲೋಕ ಅದೇ.

ಇದರಿಂದ ಏನು ಸಿಕ್ತು? ವಡೆ ದಪ್ಪನಾ ತೆಳ್ಳಗಾ ಅನ್ನೋದು ಸುತ್ತುಗಳಿಗೆ ಗೊತ್ತಿಲ್ಲ ಅಂದಿದ್ದೆ. ಆದ್ರೆ ಬಂಡಲ್‌ಗೆ ಗೊತ್ತು. ಈ ಬಂಡಲ್‌ಗಳನ್ನ ಅಂಟಿಸೋದು ಸಂಕೀರ್ಣ ಸಂಖ್ಯೆಗಳ ಅಂಟಿನಿಂದ, ಅದಕ್ಕೆ ಮೇಲ್ಮೈಯ ಆಕಾರ ಬೇಕೇ ಬೇಕು. ಅಂದ್ರೆ ಬರೀ ಮ್ಯಾಟ್ರಿಕ್ಸ್ ಸಮೀಕರಣವಾಗಿ ಬೋಳಾಗಿ ನಿಂತಿದ್ದ ಆ ಆರು ಆಯಾಮದ ಜಾಗಕ್ಕೆ ಈಗ ಜ್ಯಾಮಿತಿಯ ಪೂರ್ತಿ ಪೆಟ್ಟಿಗೆ ಸಿಕ್ಕಿತು, ಉಳಿ ಸುತ್ತಿಗೆ ಸಮೇತ.

ಚೀಟಿ ತೆಗೀರಿ ಸರ್. 1969ರಲ್ಲಿ ನರಸಿಂಹನ್ ಮತ್ತು ಟಾಟಾ ಇನ್‌ಸ್ಟಿಟ್ಯೂಟಿನವರೇ ಆದ ಎಸ್. ರಾಮನನ್ ಸೇರಿ, ನಾವು ಲೆಕ್ಕ ಹಾಕಿದ ಅದೇ ಎರಡು ತೂತಿನ ಜಾಗ, ಅಂಚಿನ ಬಂಡಲ್‌ಗಳನ್ನೂ ಸೇರಿಸಿಕೊಂಡ್ರೆ, ಏನು ಅಂತ ಪತ್ತೆ ಹಚ್ಚಿದ್ರು. ಅದು ನಾಲ್ಕು ಸಂಕೀರ್ಣ ಸಂಖ್ಯೆಗಳ ಅನುಪಾತಗಳ ಜಾಗ. ಎಷ್ಟು ಅನ್ನೋದು ಮುಖ್ಯ ಅಲ್ಲ, ಯಾವ ಪ್ರಮಾಣದಲ್ಲಿ ಅನ್ನೋದಷ್ಟೇ. ಜ್ಯಾಮಿತಿಯಲ್ಲಿ ಇದಕ್ಕಿಂತ ಪರಿಚಯದ ಜಾಗ ಕಡಿಮೆ, ಪ್ರೊಜೆಕ್ಟಿವ್ ಸ್ಪೇಸ್ ಅಂತಾರೆ. ನಾಲ್ಕು ಸಂಖ್ಯೆ, ಅನುಪಾತ ಆದ್ದರಿಂದ ಒಂದು ಕಳೀರಿ, ಮೂರು. ಪ್ರತಿ ಸಂಕೀರ್ಣ ಸಂಖ್ಯೆಗೆ ಎರಡು ತಿರುಪು. ಮೂರೆರಡ್ಲಿ ಆರು.

ಚೀಟಿಯಲ್ಲೂ ಆರು. ರಾತ್ರಿ ಒಂದೂವರೆಗೆ ಇದು ತಾಳೆಯಾದಾಗ ನಾನು ರೂಮಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ, ಪಕ್ಕದ ರೂಮಿನವರು ಗೋಡೆ ಬಡಿದ್ರು.

ಮುಂದಿನದು ಬೇಗ ಹೇಳ್ತೀನಿ. 1975ರಲ್ಲಿ ಗುಂಟರ್ ಹಾರ್ಡರ್ ಜೊತೆ ಸೇರಿ ನರಸಿಂಹನ್ ಈ ಥರದ ಜಾಗಗಳಲ್ಲಿ ಯಾವ್ಯಾವ ಆಯಾಮದ ತೂತು ಎಷ್ಟಿದೆ ಅಂತ ಎಣಿಸೋ ದಾರಿ ಕೊಟ್ರು, ಅದೂ ಬಂಡಲ್‌ಗಳನ್ನ ಸಾಂತ ಸಂಖ್ಯಾಲೋಕದಲ್ಲಿ ಲೆಕ್ಕ ಮಾಡಿ. 1983ರಲ್ಲಿ ಮೈಕಲ್ ಅಟಿಯಾ, ರೌಲ್ ಬಾಟ್ ಭೌತಶಾಸ್ತ್ರದ ಯಾಂಗ್-ಮಿಲ್ಸ್ ಸಮೀಕರಣ ಹಿಡಿದು ಹೊರಟು ಅದೇ ಉತ್ತರಕ್ಕೆ ಬಂದ್ರು. ಅದೇ ವರ್ಷ ಸೈಮನ್ ಡೊನಾಲ್ಡ್‌ಸನ್ ಮೂಲ ಪ್ರಮೇಯಕ್ಕೆ ಹೊಸ ಸಾಧನೆ ಕೊಟ್ರು. 1987ರಲ್ಲಿ ನೈಜೆಲ್ ಹಿಚಿನ್ ಬರೀ ತಿರುವು ಮಾತ್ರ ಅಲ್ಲ, ಎಳೆಯೋ ಮ್ಯಾಟ್ರಿಕ್ಸ್‌ಗಳನ್ನೂ ಒಳಗೆ ತರೋ ಬಾಗಿಲು ತೆರೆದ್ರು. ಆ ಬಂಡಲ್‌ಗಳಿಗೆ ಹಿಗ್ಸ್ ಬಂಡಲ್ ಅಂತ ಹೆಸರು. ಅಲ್ಲಿಂದ ಬಂದ ಸಲಕರಣೆ ಬಳಸಿದ ಕೆಲಸಕ್ಕೆ ವಿಯೆಟ್ನಾಂ ಮೂಲದ ನ್ಗೊ ಬಾವ್ ಚಾವ್ 2010ರಲ್ಲಿ ಫೀಲ್ಡ್ಸ್ ಮೆಡಲ್ ಪಡೆದ್ರು. 2006ರ ಕಿಂಗ್ ಫೈಸಲ್ ಪ್ರಶಸ್ತಿ ನರಸಿಂಹನ್, ಡೊನಾಲ್ಡ್‌ಸನ್ ಇಬ್ಬರಿಗೂ ಒಟ್ಟಿಗೆ ಸಿಕ್ಕಿತು. ಶೇಷಾದ್ರಿ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ್ರು, 2020ರಲ್ಲಿ ತೀರಿಕೊಂಡ್ರು. ನರಸಿಂಹನ್ ಕೊನೆಯ ವರ್ಷಗಳನ್ನ ಕಳೆದದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಮೇ ತಿಂಗಳಲ್ಲಿ ಇಲ್ಲೇ ಹೋಗಿಬಿಟ್ರು. ನಾನು ಆಗ ಇದೇ ಊರಲ್ಲಿ ಕೂತು ಜಿಎಸ್‌ಟಿ ರಿಟರ್ನ್ಸ್ ಹಾಕ್ತಿದ್ದೆ. ಅವರ ಹೆಸರೂ ಕೇಳಿರಲಿಲ್ಲ.

ಸರ್, ನಿಮ್ಮ ನಿಜವಾದ ಪ್ರಶ್ನೆ ಇದಲ್ಲ ಅಂತ ಗೊತ್ತು. ಹೊಟ್ಟೆಪಾಡು ಏನು ಅಂತ ತಾನೇ? ಬಂಡಲ್ ಬಿಡದೆ ಹೇಳ್ತೀನಿ. ಬೆಂಗಳೂರಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಗಣಿತದ ಮಾಸ್ಟರ್ಸ್ ಇದೆ, ಓದುವಾಗಲೇ ಸ್ಟೈಪೆಂಡ್ ಕೊಡ್ತಾರೆ. ಐಐಎಸ್‌ಸಿಯಲ್ಲಿ, ಯಲಹಂಕ ಕಡೆ ಇರೋ ಟಾಟಾ ಇನ್‌ಸ್ಟಿಟ್ಯೂಟಿನ ಗಣಿತ ಕೇಂದ್ರದಲ್ಲಿ ಬಿಎಸ್ಸಿ ಆದ ಮೇಲೆ ನೇರ ಪಿಎಚ್‌ಡಿವರೆಗೆ ಓದೋ ಕೋರ್ಸ್ ಇದೆ, ಅದಕ್ಕೂ ಫೆಲೋಶಿಪ್ ಇದೆ. ಶೇಷಾದ್ರಿಯವರ ಚೆನ್ನೈ ಸಂಸ್ಥೆಯಲ್ಲಿ ಎಂಎಸ್ಸಿ ಇದೆ. ಎಲ್ಲಾ ಕಡೆ ಪ್ರವೇಶ ಪರೀಕ್ಷೆ, ಸೀಟು ಕಡಿಮೆ, ಸ್ಪರ್ಧೆ ಜಾಸ್ತಿ. ನಿಮ್ಮ ಮಗಳಿಗೆ ಸಿಗುತ್ತೆ ಅಂತ ನಾನು ಭಾಷೆ ಕೊಡೋಕಾಗಲ್ಲ. ಸಿಗದಿದ್ರೆ ಬಿಎಡ್, ಬ್ಯಾಂಕ್ ಪರೀಕ್ಷೆ ಎರಡೂ ಮುಂದಿನ ವರ್ಷವೂ ಇರ್ತವೆ. ಈ ವರ್ಷ ಅವಳು ಕೇಳ್ತಿರೋದು ಅರ್ಜಿ ಹಾಕೋ ಫೀಸು, ಪರೀಕ್ಷೆ ಬರೆಯೋಕೆ ಬೆಂಗಳೂರಿಗೆ ಹೋಗಿಬರೋ ರೈಲು ಖರ್ಚು. ಅದನ್ನ ನೀವೇ ಒಂದು ಕಡೆ ಬರೆದು, ಕೂಡಿ ನೋಡಿ.